ಗ್ರೀಷ್ಮಕ್ಕ ಬರುವ ಬಸ್ಸು

ಬಿಜೈ, ಮಂಗಳೂರು
10 ಜೂನ್ 2024

ಗ್ರೀಷ್ಮಾ ಮಗಾ,

ನಾವಿಬ್ಬರೂ ಉಂಡಿದ್ದೇವೆ, ನೀನೂ ಉಂಡಿದ್ದೀ ಎಂದು ನಂಬಿ ಬರೆಯಲು ಕುಳಿತಿದ್ದೇನೆ. ನಿನ್ನ ಕಾಗದವನ್ನು ಸಿಂಥಿಯಾ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆದು ಕೊಟ್ಟಳು. ನಾನು ಕೈಯಲ್ಲಿ ಬರೆದದ್ದರ ಫೋಟೋ ತೆಗೆದು ನಿನಗೆ ಕಳಿಸುವವಳೂ ಅವಳೇ. ಅವಳಿಗೆ ನನ್ನ ಅಕ್ಷರ ನೋಡಿ ನಗು. ನಗಲಿ. ಶಾಲೆಯ ಮೆಟ್ಟಿಲು ಹತ್ತದವಳು ಬರೆದದ್ದನ್ನು ಕೆನಡಾದಲ್ಲಿ ಓದುವವರಿದ್ದಾರಲ್ಲ.

ಕೆನಡಾದಲ್ಲಿ ಪರ್ಮನೆಂಟ್ ಆಗಿ ನೆಲೆಸುವ ಅರ್ಜಿ ಒಳಗೆ ಹೋಯಿತೆಂದು ಕೇಳಿ ಕದ್ರಿಗೆ ಹೋಗಿ ಕಾಯಿ ಒಡೆಸಿ ಬಂದೆ. ನೀನು ಕೊಟ್ಟ ಪಾಸ್‌ವರ್ಡ್ ಹಾಕಿ ಸಿಂಥಿಯಾ ಕಂಪ್ಯೂಟರಿನಲ್ಲಿ ಆ ಪುಟ ತೆರೆದಳು. ಮೇಲೆ ನಿನ್ನ ಹೆಸರು, ಕೆಳಗೆ ಮಗಳೆಂದು ಸಂಚಿತಾಳ ಹೆಸರು. ಎರಡಕ್ಕೂ ಎದುರಿಗೆ ಒಂದೇ ಸಾಲು, "ನಡೆಯುತ್ತಿದೆ." ನನಗೆ ನಮ್ಮ ಸರಕಾರಿ ಬಸ್ ಸ್ಟ್ಯಾಂಡ್ ನೆನಪಾಯಿತು. ನಿನ್ನ ದೊಡ್ಡಪ್ಪ ಚಿತ್ತರಂಜನರ ಹೋಟೆಲು ಅದರ ಎದುರಿಗೇ ಇದ್ದದ್ದಲ್ಲವಾ? ನಾನು ಅಕ್ಷರ ಕಲಿತದ್ದು ಅಲ್ಲಿ, ದುಡ್ಡಿನ ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತು, ಬಸ್ಸಿನ ಬೋರ್ಡು ನೋಡಿ ನೋಡಿ. ಬಸ್ಸು ನಿಂತಿರುತ್ತದೆ, ಎಂಜಿನ್ ಓಡುತ್ತಿರುತ್ತದೆ, ಜನ ಹತ್ತಿ ಕುಳಿತಿರುತ್ತಾರೆ. ಆದರೆ ಕಂಡಕ್ಟರ್ ಬೋರ್ಡು ತಿರುಗಿಸುವವರೆಗೆ ಅದು ಎಲ್ಲಿಗೂ ಹೋಗುವ ಬಸ್ಸಲ್ಲ. ಇನ್ನು ಶನಿವಾರ ಶನಿವಾರ ನಾನು ಹೋಗಿ ನಿಮ್ಮ ಬೋರ್ಡು ನೋಡಿ ಬರುತ್ತೇನೆ.

ಸಂಚಿ ಚೆನ್ನಾಗಿದ್ದಾಳೆ. ಹೆಸರಿಗೆ ತಕ್ಕ ಹಾಗೆ ನನ್ನ ಸೊಂಟಕ್ಕೆ ಎಲೆ ಅಡಕೆಯ ಸಂಚಿಯಂತೆ ಅಂಟಿಕೊಂಡೇ ಇರುತ್ತಾಳೆ. ಒಂದು ಮಾತು, ಬೇಸರಿಸಬೇಡ. ದಿನಾ ವಿಡಿಯೋ ಕಾಲ್ ಬೇಡ. ನಿನ್ನ ಮುಖ ನೋಡಿದ ದಿನ ಮಗು ಬಟ್ಟಲು ಮುಟ್ಟುವುದಿಲ್ಲ. ಭಾನುವಾರಕ್ಕೊಂದು ಸಾಕು.

ನಿನ್ನ ಅಮ್ಮ,
ಜಲಜಾಕ್ಷಿ
(ದೊಡ್ಡಮ್ಮ ಎಂದು ಬರೆಯಬೇಕಾದದ್ದು. ನಿನ್ನನ್ನು ಸಾಕಿದ ಕೈಗೆ ಆ ಶಬ್ದ ಅಭ್ಯಾಸವಿಲ್ಲ.)


ರೆಜೈನಾ, ಕೆನಡಾ
16 ಜೂನ್ 2024

ಅಮ್ಮಾ,

ನಿಮ್ಮ ಬೋರ್ಡಿನ ಮಾತು ಓದಿ ಇಲ್ಲಿ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಒಬ್ಬಳೇ ನಕ್ಕೆ. ನಾನು ನೋಡಿಕೊಳ್ಳುವ ಅಜ್ಜಿಯೊಬ್ಬರು, "ಏನು, ಒಳ್ಳೆ ಸುದ್ದಿಯಾ?" ಎಂದು ಕೇಳಿದರು. ಹೌದು, ನನ್ನ ಅಮ್ಮನ ಕಾಗದ ಎಂದೆ.

ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಸಂಚಿತಾಳ ಹೆಸರು ನನ್ನ ಅರ್ಜಿಯಲ್ಲಿ ಈಗಲೇ ಇರಬೇಕು, ಅವಳ ಪರಿಶೀಲನೆಯೂ ಈಗಲೇ ಮುಗಿಯಬೇಕು. ಈ ಸಲ ಅವಳ ಹೆಸರು ಬಿದ್ದುಹೋದರೆ ಮುಂದೆ ನಾನು ಎಷ್ಟು ಪರ್ಮನೆಂಟ್ ಆದರೂ ಮಗಳೆಂದು ಅವಳನ್ನು ಕರೆಸಿಕೊಳ್ಳಲಾಗುವುದಿಲ್ಲ ಎಂದು ವಕೀಲೆ ಹೇಳಿದ್ದಾಳೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನಿಂದ ಬೇರೆ ಬಸ್ಸಿಲ್ಲ ಅಮ್ಮಾ. ಇದೊಂದೇ.

ಶೋಭಿತ್ ಪಣಂಬೂರಿನ ಹೈವೇಯಲ್ಲಿ ಬೈಕಿನಿಂದ ಬಿದ್ದು ತೀರಿಹೋದಾಗ ಅವಳು ತೊಟ್ಟಿಲಲ್ಲಿದ್ದಳು. ಅಪ್ಪನ ಮುಖವಂತೂ ಅವಳಿಗೆ ಗೊತ್ತಿಲ್ಲ. ನನ್ನದಾದರೂ ಗೊತ್ತಿರಲಿ. ಗೋಡೆಯ ಮೇಲಿನ ನನ್ನ ಫೋಟೋ ತೋರಿಸಿ ದಿನಾ ಒಮ್ಮೆ "ಅಮ್ಮ" ಎಂದು ಹೇಳಿಸಿ. ವಿಡಿಯೋ ಭಾನುವಾರವೇ ಆಗಲಿ. ಅವಳು ಊಟ ಬಿಡುವುದು ಬೇಡ.

ನಿಮ್ಮ
ಗ್ರೀಷ್ಮಾ


ಬಿಜೈ
31 ಆಗಸ್ಟ್ 2024

ಗ್ರೀಷ್ಮಾ ಮಗಾ,

ನಾವಿಬ್ಬರೂ ಉಂಡಿದ್ದೇವೆ. ಸಂಚಿಯ ಮೆಡಿಕಲ್ ಪರೀಕ್ಷೆ ಆಯಿತು. ಆಸ್ಪತ್ರೆಯ ನರ್ಸ್ ಎದೆಗೆ ಯಂತ್ರ ಇಟ್ಟಾಗ ಎಂತ ಜೋರು ಹಿಡಿದುಕೊಂಡಳು ಗೊತ್ತುಂಟಾ ನನ್ನನ್ನು, ಸೀರೆಯ ನೆರಿಗೆಯೇ ಕಳಚಿತು. ಈ ಶನಿವಾರ ಬೋರ್ಡಿನಲ್ಲಿ ಅವಳ ಸಾಲಿಗೂ ಒಂದು ಹಸಿರು ಗುರುತು ಬಿದ್ದಿದೆ.

ಈಗ ನಿಜವಾದ ಸುದ್ದಿ. ಅಷ್ಟಮಿಗೆ ಕದ್ರಿಯಲ್ಲಿ ಕೃಷ್ಣ ವೇಷದ ಸ್ಪರ್ಧೆಗೆ ಸಂಚಿಯನ್ನು ಕರೆದುಕೊಂಡು ಹೋಗಿದ್ದೆ. ಮುದ್ದುಕೃಷ್ಣಕ್ಕೆ ಬರೆಸಲು ಹೋದರೆ ಆ ಸಾಲು ಕೆರೆಯವರೆಗೆ ಉಂಟು! ಪಕ್ಕದಲ್ಲಿ ತಾಯಿ ಮಗು ಒಟ್ಟಿಗೆ ವೇಷ ಹಾಕುವ ಯಶೋದಾ ಕೃಷ್ಣದ ಸಾಲು ಖಾಲಿ. ಕುಳಿತಿದ್ದ ಹುಡುಗಿ ಕೇಳಿದಳು, "ತಾಯಿ ಯಾರು, ವೇಷ ಯಾರು ಹಾಕ್ತಾರೆ?" ನಾನು, "ಇಲ್ಲಿದ್ದೇನಲ್ಲ, ಕಾಣುವುದಿಲ್ಲವಾ?" ಎಂದೆ. ಅವಳು ನನ್ನ ಬಿಳಿ ಕೂದಲು ನೋಡಿ, "ಆಂಟೀ, ಯಶೋದೆಗೆ ಇಷ್ಟು ಪ್ರಾಯ ಆಗಿತ್ತಾ?" ಎಂದಳು. "ಗೋಕುಲದಲ್ಲಿ ನೀನು ಪಂಚಾಯತಿನ ಗುಮಾಸ್ತೆಯಾಗಿದ್ದೆಯಾ, ಜನನ ದಾಖಲೆ ನೋಡಿದ ಹಾಗೆ ಮಾತಾಡ್ತೀ?" ಎಂದೆ. ಎಲ್ಲರೂ ನಕ್ಕರು.

ಸ್ಟೇಜಿನಲ್ಲಿ ಸಂಚಿ ಬೆಣ್ಣೆಯ ಮಡಕೆ ಕೆಳಗಿಟ್ಟು ನನ್ನ ಕುತ್ತಿಗೆಗೆ ಜೋತುಬಿದ್ದು "ಅಮ್ಮಾ" ಎಂದು ಕೂಗಿದಳು ನೋಡು, ಹೇಳಿಕೊಟ್ಟದ್ದಲ್ಲ. ಸಭೆಯಲ್ಲಿ ಕಣ್ಣು ಒರೆಸದವರಿಲ್ಲ. ಎರಡನೇ ಬಹುಮಾನ. ಫೋಟೋ ಕಳಿಸಿದ್ದೇನೆ. ಗೋಡೆಯಲ್ಲಿ ಬೇರೆ ಮೊಳೆ ಇರಲಿಲ್ಲ. ನಿನ್ನ ಫೋಟೋ ತೆಗೆದು ಜೋಪಾನವಾಗಿ ಕಪಾಟಿನಲ್ಲಿ ಇಟ್ಟಿದ್ದೇನೆ.

ನಿನ್ನ ಅಮ್ಮ


ರೆಜೈನಾ
8 ಸೆಪ್ಟೆಂಬರ್ 2024

ಅಮ್ಮಾ,

ಫೋಟೋ ಚೆನ್ನಾಗಿದೆ. ಅವಳ ನವಿಲುಗರಿ ಒಂದು ಕಡೆ ವಾಲಿದೆ. ನಾನಿದ್ದಿದ್ದರೆ ಸರಿ ಮಾಡುತ್ತಿದ್ದೆ ಎಂದುಕೊಂಡೆ.

ಇವತ್ತಿನ ಕಾಲ್‌ನಲ್ಲಿ ಅವಳು ನನ್ನನ್ನು "ಗ್ರೀಷ್ಮಕ್ಕ" ಎಂದಳು. ಒಂದು ಸಲವಲ್ಲ. ನೀವು ಹಿಂದಿನಿಂದ "ಗ್ರೀಷ್ಮಕ್ಕನಿಗೆ ಟಾಟಾ ಮಾಡು" ಎಂದದ್ದೂ ಕೇಳಿಸಿತು. ನಾನು ಅವಳ ಅಕ್ಕ ಅಲ್ಲ. ದಯವಿಟ್ಟು ಇದನ್ನು ನಿಲ್ಲಿಸಿ. ನನ್ನ ಫೋಟೋಕ್ಕೆ ಇನ್ನೊಂದು ಮೊಳೆ ಹೊಡೆಸಿ.

ಗ್ರೀಷ್ಮಾ


ಬಿಜೈ
20 ಸೆಪ್ಟೆಂಬರ್ 2024

ಗ್ರೀಷ್ಮಾ ಮಗಾ,

ಉಂಡಿದ್ದೇವೆ. ನಿನ್ನ ಕಾಗದ ಗಿಡ್ಡವಿತ್ತು, ಸಿಂಥಿಯಾ ಎರಡನೇ ಪುಟ ಪ್ರಿಂಟು ಮಾಡಲು ಮರೆತಳೋ ಎಂದು ಕೇಳಿದೆ.

ಗ್ರೀಷ್ಮಕ್ಕ ಎಂದದ್ದಕ್ಕೆ ಇಷ್ಟು ಕೋಪವಾ? ನೀನು ನಿನ್ನ ತಾಯಿಯನ್ನು ಎಂತ ಕರೆಯುತ್ತಿದ್ದೆ, ನೆನಪುಂಟಾ? ಸುಮತಿಯನ್ನು ಮನೆಯಲ್ಲಿ ಸಣ್ಣವರೆಲ್ಲ ಅಕ್ಕ ಎನ್ನುತ್ತಿದ್ದರು, ನೀನೂ ಅಕ್ಕ ಎಂದೇ ಕರೆದೆ. ನನ್ನನ್ನು ಅಮ್ಮ ಎಂದೆ. ನಮ್ಮ ಕುಟುಂಬದಲ್ಲಿ ಇದು ಹೊಸತಾ? ಹೆಂಗಸರಿಂದ ಬೆಳೆಯುವ ಮನೆ ನಮ್ಮದು. ಹೆತ್ತವಳು ಯಾರು, ಹಿಡಿದವಳು ಯಾರು ಎಂದು ಗೆರೆ ಎಳೆದು ಮಲಗಿಸಿದವರಿಲ್ಲ. ನನಗೆ ದೇವರು ಕೊಡಲಿಲ್ಲ, ತಂಗಿಗೆ ಕೊಟ್ಟ. ನನಗೆ ಕಮ್ಮಿಯಾಯಿತೆಂದು ನಾನು ಯಾವತ್ತಾದರೂ ಹೇಳಿದ್ದುಂಟಾ?

ಒಂದು ತಮಾಷೆ ನೆನಪಾಯಿತು, ಬರೆದೇ ಬಿಡುತ್ತೇನೆ. ನಿನಗೆ ಸಂಚಿಯಷ್ಟೇ ಪ್ರಾಯ. ಮುಂಬಯಿಯಲ್ಲಿ ಸುಮತಿಗೆ ಕೆಲಸ ಗಟ್ಟಿಯಾಗಿತ್ತು, ನಿನ್ನನ್ನು ಕರೆದುಕೊಂಡು ಹೋಗುತ್ತೇನೆಂದು ಬಂದಿದ್ದಳು. ಟಿಕೆಟೂ ಆಗಿತ್ತು. ಹೊರಡುವ ಹೊತ್ತಿಗೆ ನೀನೇ ಇಲ್ಲ! ಹೋಟೆಲಿನ ಮೇಜಿನ ಅಡಿ, ಬಸ್ ಸ್ಟ್ಯಾಂಡ್, ಬಾವಿಕಟ್ಟೆ, ಎಲ್ಲ ಹುಡುಕಿದರು. ಸುಮತಿ ಅತ್ತೂ ಅತ್ತೂ ಬಾವಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಬಸ್ಸು ಹೋಯಿತು. ಆಮೇಲೆ ನೋಡಿದರೆ ನೀನು ಹಿಂದಿನ ಕೋಣೆಯಲ್ಲಿ ಅನ್ನ ಬೇಯಿಸುವ ತಾಮ್ರದ ಹಂಡೆಯೊಳಗೆ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದೆ! "ಅಕ್ಕನ ಒಟ್ಟಿಗೆ ಹೋಗುವುದಿಲ್ಲ" ಎಂದೆ. ಸುಮತಿ ಮರುದಿನ ಒಬ್ಬಳೇ ಹೋದಳು. ಮುಂದಿನ ವರ್ಷ ಜಾಂಡೀಸ್. ಅವಳ ಹಣೆಯಲ್ಲಿ ಅಷ್ಟೇ ಇತ್ತು.

ಹೋಟೆಲಿನ ಸಾಮಾನೆಲ್ಲ ಮಾರಿ ಹೋಯಿತು, ಆ ಹಂಡೆ ಮಾತ್ರ ಇವತ್ತಿಗೂ ಉಂಟು. ಸಂಚಿಗೆ ಅದರ ಕಥೆ ಹೇಳಿದರೆ ಊಟ ಎಷ್ಟು ಬೇಗ ಇಳಿಯುತ್ತದೆ ಗೊತ್ತುಂಟಾ!

ನಿನ್ನ ಅಮ್ಮ


ರೆಜೈನಾ
24 ನವೆಂಬರ್ 2024

ಅಮ್ಮಾ,

ಬಹಳ ದಿನವಾಯಿತು ಬರೆಯದೆ. ಡಬಲ್ ಡ್ಯೂಟಿ ಇತ್ತು ಎಂದು ಬರೆದರೆ ಅರ್ಧ ಸತ್ಯ. ಹಂಡೆಯ ಕಥೆ ಓದಿದ ಮೇಲೆ ಪೆನ್ನು ಓಡಲಿಲ್ಲ. ಆ ದಿನ ನನಗೆ ಸ್ವಲ್ಪ ನೆನಪಿದೆ. ಅದನ್ನು ಈಗ ಬಿಡುತ್ತೇನೆ.

ನನ್ನ ಅರ್ಜಿಯ ಹಿನ್ನೆಲೆ ಪರಿಶೀಲನೆ ಶುರುವಾಗಿದೆ. ಮಗು ನಿಮ್ಮ ಹತ್ತಿರ ಇರುವುದರಿಂದ ವಲಸೆ ಕಚೇರಿಯವರು ನಿಮಗೆ ಫೋನ್ ಮಾಡಬಹುದು. ಹೆದರಬೇಡಿ, ಉದ್ದ ಮಾತೂ ಬೇಡ. ಕೇಳಿದರೆ ಇಷ್ಟು ಹೇಳಿ: "ಸಂಚಿತಾ ಗ್ರೀಷ್ಮಾಳ ಮಗಳು. ಗ್ರೀಷ್ಮಾ ನನ್ನ ತಂಗಿಯ ಮಗಳು. ನಾನು ಮಗುವನ್ನು ನೋಡಿಕೊಳ್ಳುತ್ತಿದ್ದೇನೆ." ಇದನ್ನೇ ದೊಡ್ಡ ಅಕ್ಷರದಲ್ಲಿ ಸಿಂಥಿಯಾಳಿಂದ ಪ್ರಿಂಟು ಮಾಡಿಸಿಕೊಳ್ಳಿ.

ಗ್ರೀಷ್ಮಾ


ಬಿಜೈ
14 ಡಿಸೆಂಬರ್ 2024

ಗ್ರೀಷ್ಮಾ ಮಗಾ,

ಉಂಡಿದ್ದೇವೆ, ಮತ್ತು ನಿನ್ನ ಕೆಲಸವೂ ಆಯಿತು. ಫೋನು ಬಂದಿತ್ತು! ಒಬ್ಬಳು ಹೆಂಗಸು, ವಾರ್ತೆ ಓದುವವರ ಹಾಗೆ ಕನ್ನಡ.

"ಸಂಚಿತಾ ಎಂಬ ಮಗು ನಿಮ್ಮ ಜೊತೆ ಇದೆಯಾ?" ಎಂದಳು.

"ಉಂಟು, ಇಲ್ಲೇ ದೋಸೆ ತಿಂತಾ ಉಂಟು."

"ಮಗು ಯಾರದು?"

"ಯಾರದು ಅಂದ್ರೆ ಎಂತ? ನಮ್ಮದೇ."

"ನಮ್ಮದು ಅಂದ್ರೆ? ನಿಮ್ಮ ಮಗಳಾ?"

"ಹೌದು ಮಾರಾಯ್ತಿ, ನನ್ನ ಮಗಳೇ."

"ಹಾಗಾದ್ರೆ ಗ್ರೀಷ್ಮಾ ನಿಮಗೆ ಏನಾಗಬೇಕು?"

"ಅವಳೂ ಮಗಳೇ!"

ಆಚೆಯಿಂದ ಟಕಟಕ ಸದ್ದು. ಬರೆದುಕೊಳ್ಳುತ್ತಿದ್ದಳು ಕಾಣುತ್ತದೆ, ಪಾಪ. ಆಮೇಲೆ ಮಗುವಿಗೆ ಕೊಡಿ ಎಂದಳು. ಕೊಟ್ಟೆ. "ಪುಟ್ಟೀ, ನಿನ್ನ ಅಮ್ಮ ಎಲ್ಲಿದ್ದಾರೆ?" ಎಂದು ಕೇಳಿದಳಂತೆ. ನಮ್ಮ ಸಂಚಿ ಎಂತ ಹುಷಾರಿ ನೋಡು, ಬಾಯಲ್ಲಿ ದೋಸೆ ಇದ್ದರೂ ತಡವರಿಸಲಿಲ್ಲ. "ಇಲ್ಲೇ ಉಂಟಲ್ಲ, ಚಟ್ನಿ ಹಾಕ್ತಾ ಉಂಟು" ಎಂದಳು. "ಗ್ರೀಷ್ಮಾ ಯಾರು?" ಎಂದದ್ದಕ್ಕೆ, "ಫೋನಿನಲ್ಲಿ ಬರುವ ಅಕ್ಕ" ಎಂದಳು. ನನಗೆ ನಗು ತಡೆಯಲಿಲ್ಲ.

ನೀನು ಹೇಳಿದ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಆದರೆ ಫ್ರಿಜ್ ಅಡಿಗೆಮನೆಯಲ್ಲಿ, ಫೋನು ಬಂದಾಗ ನಾನು ಚಾವಡಿಯಲ್ಲಿ. ಇರಲಿ, ನಾನು ಸುಳ್ಳಂತೂ ಹೇಳಲಿಲ್ಲ. ತಂಗಿಯ ಮಕ್ಕಳನ್ನು ತಂಗಿಯ ಮಕ್ಕಳು ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ಕೇಳಿದವಳಿಗೂ ಒಂದು ಮನೆ, ಒಂದು ಕುಟುಂಬ ಇರುತ್ತದೆ, ಅರ್ಥವಾಗುತ್ತದೆ.

ನಿನ್ನ ಅಮ್ಮ


ರೆಜೈನಾ
11 ಜನವರಿ 2025

ದೊಡ್ಡಮ್ಮಾ,

ಅರ್ಥವಾಗಲಿಲ್ಲ. ಕಚೇರಿಯಿಂದ ಕಾಗದ ಬಂದಿದೆ. ಮಗು ತನ್ನದೆಂದು ಮನೆಯ ಹಿರಿಯರು ಹೇಳಿದ್ದಾರೆ, ಮಗುವೂ ಅದನ್ನೇ ಹೇಳಿದೆ, ಹಾಗಾಗಿ ಸಂಚಿತಾ ನನ್ನ ಮಗಳೆಂಬ ಬಗ್ಗೆ ಸಂದೇಹವಿದೆ ಎಂದು ಬರೆದಿದ್ದಾರೆ. ಜನನ ಪ್ರಮಾಣಪತ್ರ ಸಾಲದಂತೆ. ಡಿಎನ್ಎ ಪರೀಕ್ಷೆ ಆಗಬೇಕು, ಮಾರ್ಚ್ ಕೊನೆಯೊಳಗೆ. ಇಲ್ಲವಾದರೆ ಅವಳ ಹೆಸರನ್ನು ಅರ್ಜಿಯಿಂದ ತೆಗೆಯುತ್ತಾರೆ. ತೆಗೆದರೆ ಏನಾಗುತ್ತದೆಂದು ನಿಮಗೆ ಜೂನ್‌ನಲ್ಲೇ ಬರೆದಿದ್ದೆ.

ನಾನು ಹೆತ್ತ ಮಗು ನನ್ನದೆಂದು ತೋರಿಸಲು ಇಲ್ಲಿ ನನ್ನ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಎಂಜಲಿನ ಮಾದರಿ ತೆಗೆದುಕೊಂಡರು. ಅವಳದ್ದನ್ನು ತೆಗೆಯಲು ಫೆಬ್ರವರಿ 22ರಂದು ಪ್ರಯೋಗಾಲಯದ ಮನುಷ್ಯ ನಮ್ಮ ಮನೆಗೇ ಬರುತ್ತಾನೆ. ನೋವಿಲ್ಲ, ಸೂಜಿಯಿಲ್ಲ. ನೀವು ಮಾಡಬೇಕಾದದ್ದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮಾತ್ರ.

ನಾನೇ ಬರೋಣವೆಂದರೆ ನನ್ನ ಕೆಲಸದ ಪರ್ಮಿಟ್ ನವೀಕರಣಕ್ಕೆ ಹೋಗಿದೆ. ಈಗ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುತ್ತಾರೆಂಬ ಭರವಸೆಯಿಲ್ಲ. ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ. ಅದು ನಿಮಗೆ ಗೊತ್ತು.

ಗ್ರೀಷ್ಮಾ


ಬಿಜೈ
1 ಮಾರ್ಚ್ 2025

ಗ್ರೀಷ್ಮಾ ಮಗಾ,

ದೊಡ್ಡಮ್ಮಾ ಎಂದು ಶುರು ಮಾಡಿದ್ದೀ. ಬೇರೆಯವರ ಕಾಗದ ನನ್ನ ಕೈಗೆ ಬಂತೋ ಎಂದುಕೊಂಡೆ. ಸಿಂಥಿಯಾಳೂ ಅದನ್ನು ಓದಿದ ಮೇಲೆ ನನ್ನ ಮುಖ ನೋಡಲಿಲ್ಲ.

ಪರೀಕ್ಷೆಯವನು ಬಂದಿದ್ದ. ಒಳ್ಳೆ ಹುಡುಗ, ಕೈಗೆ ನೀಲಿ ಗ್ಲೌಸು. ಪೆಟ್ಟಿಗೆ ತೆರೆಯುವಷ್ಟರಲ್ಲಿ ನೋಡಿದರೆ ಮಗು ಇಲ್ಲ. ಎಲ್ಲಿ ಹೋಯಿತು? ಕೆಳಗಿನ ಮನೆಯ ಬೀಫಾತಿಮ್ಮ ಬಂದಳು, ಸಿಂಥಿಯಾ ಅಂಗಡಿಯ ಶಟರ್ ಎಳೆದು ಓಡಿ ಬಂದಳು. ಮೆಟ್ಟಿಲ ಕೆಳಗೆ, ನೀರಿನ ಟ್ಯಾಂಕಿನ ಹತ್ತಿರ, ಬಸ್ ಸ್ಟ್ಯಾಂಡಿನ ಪ್ಲಾಟ್‌ಫಾರ್ಮು, ಎಲ್ಲ ಕಡೆ ಕೂಗಿದರು. ಬೀಫಾತಿಮ್ಮನಿಗೆ ಏದುಸಿರು. ಬಂದು ನನ್ನ ಎದುರಿಗೆ ನಿಂತು ಎಂತ ಕೇಳಿದಳು ಗೊತ್ತಾ? "ಜಲಜಕ್ಕಾ, ಊರೇ ಹುಡುಕ್ತಾ ಉಂಟು, ನೀವೊಬ್ಬರು ಎಂತ ಕುರ್ಚಿ ಬಿಟ್ಟು ಏಳುದಿಲ್ಲ?" ನನ್ನ ಮಂಡಿ ನೋವು ಅವಳಿಗೆ ಎಲ್ಲಿ ಗೊತ್ತು!

ಆ ಹುಡುಗ ಕಾದ, ಕಾದ. ಚಾ ಕುಡಿದ. ಅವನಿಗೆ ಕಾಟಿಪಳ್ಳದಲ್ಲಿ ಇನ್ನೊಂದು ಮನೆಗೆ ಹೋಗಲಿಕ್ಕಿತ್ತಂತೆ. "ಮಗು ಹಾಜರಿಲ್ಲ" ಎಂದು ಬರೆದುಕೊಂಡು ಹೋದ. ಅವನ ಸ್ಕೂಟರಿನ ಸದ್ದು ಮರೆಯಾದ ಮೇಲೆ ಸಂಚಿ ಬಂದು ನನ್ನ ಮಡಿಲಲ್ಲಿ ಕುಳಿತಳು. ಬೆವರಿ ಒದ್ದೆಯಾಗಿದ್ದಳು ಪಾಪ. ನಾನು ಬೈಯಲಿಲ್ಲ. ಮಕ್ಕಳಿಗೆ ಎಲ್ಲ ತಿಳಿಯುತ್ತದೆ ಮಗಾ, ಯಾರು ಕರೆದುಕೊಂಡು ಹೋಗಲು ಬಂದವರು, ಯಾರು ಇರುವವರು ಎಂದು.

ಈ ಶನಿವಾರ ಬೋರ್ಡು ನೋಡಿದೆ. ನಿನ್ನ ಸಾಲು ಪೂರ್ತಿ ಹಸಿರಾಗುತ್ತಾ ಬಂದಿದೆ. ಸಂಚಿಯ ಸಾಲು ನಿಂತಲ್ಲೇ ಉಂಟು. ನನಗನಿಸುತ್ತದೆ, ನೀನು ಈ ಬಸ್ಸಿನಲ್ಲಿ ಹೋಗು. ಚಿಕ್ಕ ಪ್ರಾಯ ನಿನಗೆ, ಎದುರಿಗೆ ಬದುಕುಂಟು. ಮಗುವಿಗೆ ಇಲ್ಲಿ ಎಂತ ಕಮ್ಮಿ? ಜೂನ್‌ನಲ್ಲಿ ಯುಕೆಜಿಗೆ ಸೇರಿಸುತ್ತೇನೆ. ಯೂನಿಫಾರ್ಮಿನ ಬಟ್ಟೆ ನೋಡಿ ಬಂದಿದ್ದೇನೆ.

ನಿನ್ನ ಅಮ್ಮ


ರೆಜೈನಾ
6 ಮಾರ್ಚ್ 2025

ದೊಡ್ಡಮ್ಮನಿಗೆ,

ಹಂಡೆಯೊಳಗೆ ಇದ್ದಳು. ಅಲ್ಲವಾ?

ನಿಮ್ಮ ತಮಾಷೆಯ ಕಥೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಆ ಹಂಡೆಯ ಬಾಯಿ ನನ್ನ ತಲೆಗಿಂತ ಮೇಲಿತ್ತು. ನಾಲ್ಕು ವರ್ಷದ ನಾನು ಅದನ್ನು ಹತ್ತಿ ಒಳಗೆ ಇಳಿಯುವುದು ಸಾಧ್ಯವಿರಲಿಲ್ಲ. ಒಳಗೆ ಕತ್ತಲೆಯಿತ್ತು, ಅಂದರೆ ಮುಚ್ಚಳ ಮುಚ್ಚಿತ್ತು. ಬಾಳೆಹಣ್ಣು ನನ್ನ ಕೈಯಲ್ಲಿ ಯಾರೋ ಕೊಟ್ಟದ್ದು. ಹೊರಗೆ ನನ್ನ ಹೆಸರು ಹಿಡಿದು ಒಬ್ಬಳು ಅಳುತ್ತಿದ್ದಳು. ನಾನು ಓ ಎನ್ನಲಿಲ್ಲ. ಓ ಎಂದರೆ ಆಟದಲ್ಲಿ ಸೋತ ಹಾಗೆ ಎಂದು ಹೇಳಿದ್ದಿರಿ. ನೀವು ಹೇಳಿದ್ದಿರಿ.

ನೀವು ನನ್ನನ್ನು ಪ್ರೀತಿಯಿಂದ ಸಾಕಿದಿರಿ. ಅದರಲ್ಲಿ ನನಗೆ ಒಂದು ಚೂರೂ ಸಂಶಯವಿಲ್ಲ. ಭಯವಾಗುವುದೂ ಅದಕ್ಕೇ.

ನಾನು ಬರುತ್ತಿದ್ದೇನೆ. ಇಲ್ಲಿ ಮತ್ತೆ ಒಳಗೆ ಬಿಟ್ಟರೆ ಬಿಡಲಿ, ಇಲ್ಲವಾದರೆ ಇಲ್ಲ. ಮಾರ್ಚ್ 20ರ ಬೆಳಿಗ್ಗೆ ಮುಂಬಯಿಯ ಬಸ್ಸಿನಲ್ಲಿ ಬಂದು ಇಳಿಯುತ್ತೇನೆ. ಅದೇ ದಿನ ಪರೀಕ್ಷೆಯವನು ಮತ್ತೆ ಬರುತ್ತಾನೆ, ಮಾತಾಡಿದ್ದೇನೆ. ಈ ಸಲ ಅವಳು ನನ್ನ ತೊಡೆಯ ಮೇಲೆ ಕೂರುತ್ತಾಳೆ. ಅತ್ತರೂ ಕೂರುತ್ತಾಳೆ.

ಗ್ರೀಷ್ಮಾ


ಬಿಜೈ
14 ಮಾರ್ಚ್ 2025

ಗ್ರೀಷ್ಮಾ ಮಗಾ,

ಉಂಡಿದ್ದೇವೆ. ಬಾ ಮಗಾ, ಬಾ. ನಿನ್ನ ಮನೆಗೆ ನೀನು ಬರಲು ಇಷ್ಟು ದೊಡ್ಡ ಕಾಗದ ಬೇಕಾ?

ಎಂತೆಂತದೋ ಬರೆದಿದ್ದೀ. ಪರದೇಶದಲ್ಲಿ ಒಬ್ಬಳೇ ಕುಳಿತರೆ ತಲೆಗೆ ಹೀಗೆ ಹಳೆಯದೆಲ್ಲ ಸುತ್ತಿಕೊಳ್ಳುತ್ತದೆ. ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಿನಗೆ ಅದರ ಮೇಲೆ ಅಷ್ಟು ಸಿಟ್ಟಿದ್ದರೆ ಇರುವುದು ಬೇಡವೆಂದು ಹಂಡೆಯನ್ನು ನಿನ್ನೆ ಗುಜರಿಯವನಿಗೆ ಕೊಟ್ಟೆ. ಇಬ್ಬರು ಸೇರಿ ಹೊತ್ತುಕೊಂಡು ಹೋದರು. ಈಗ ಅದಿದ್ದ ಕೋಣೆ ಬೋಳು. ಇನ್ನು ಆ ಮಾತು ನಮ್ಮಲ್ಲಿ ಬೇಡ.

ನೀನು ಬರುವ ದಿನಕ್ಕೆ ಕೋರಿ ರೊಟ್ಟಿ ಮಾಡುತ್ತೇನೆ. ನಿನ್ನ ಫೋಟೋಕ್ಕೆ ಮೊಳೆಯೂ ಹೊಡೆಸಿದೆ. ಬಸ್ಸು ಕೆಲವೊಮ್ಮೆ ಬೇಗ ಬರುತ್ತದೆ, ನಾನು ಬೆಳಿಗ್ಗೆಯೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ. ಮಗುವನ್ನು ಅಷ್ಟು ಬೇಗ ಎಬ್ಬಿಸುವುದಿಲ್ಲ, ಅವಳು ಮನೆಯಲ್ಲೇ ಇರುತ್ತಾಳೆ. ನಾವಿಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಹೋಗಿ ಅವಳನ್ನು ಕರೆಯೋಣ. ಯಾರು ಕರೆದರೆ ಬರುತ್ತಾಳೋ ನೋಡೋಣ.

ನಿನ್ನ ಅಮ್ಮ

ಗ್ರೀಷ್ಮಾ, ಇಲ್ಲಿಂದ ಕೆಳಗಿನದು ನನ್ನ ಕೈಬರಹ, ನಾನು ಸಿಂಥಿಯಾ. ಜಲಜಕ್ಕ ಕಾಗದ ಕೊಟ್ಟು, ಮಗುವನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಮೀನು ತರಲು ಹೋಗಿದ್ದಾರೆ. ಮಗು ತಾನೂ ಬರೆಸಬೇಕೆಂದು ಹಟ ಹಿಡಿಯಿತು. ಅದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

ಗ್ರೀಷ್ಮಕ್ಕಾ, ನೀನು ಬರುವಾಗ ನನಗೆ ನೀಲಿ ಬೂಟ್ಸ್ ತಾ. ನನಗೆ ಈಗ ಬಸ್ಸಿನ ಬೋರ್ಡು ಓದ್ಲಿಕ್ಕೆ ಬರ್ತದೆ. ನೀನು ರೊಟ್ಟಿ ತಿಂದು ಮತ್ತೆ ಬಸ್ಸಲ್ಲಿ ಹೋಗು. ಹಂಡೆ ಹೋಯ್ತು. ಈಗ ಹೊಸ ಜಾಗ ಉಂಟು. ಅಲ್ಲಿ ತುಂಬ ಕತ್ತಲೆ, ಆದ್ರೆ ನಾನು ಹೆದರುದಿಲ್ಲ. ಎಲ್ಲಿ ಅಂತ ಸಿಂಥಿಯಾ ಆಂಟಿಗೂ ಹೇಳುದಿಲ್ಲ. ಅಮ್ಮನಿಗೆ ಮಾತ್ರ ಗೊತ್ತು. ನೀನು ಎಷ್ಟು ಕರೆದ್ರೂ ನಾನು ಓ ಅನ್ನುದಿಲ್ಲ.